ವೃಷಾಲಿಗೆ ಕಡಿಮೆ ಬಿದ್ದ ಬಿಸಿಲು

ಡಾಕ್ಟರ್ ಹೇಳಿದ ಮಾತುಗಳಲ್ಲಿ ನಾನು ಅಪ್ಪನಿಗೆ ದಾಟಿಸಿದ್ದು ಒಂದನ್ನು ಮಾತ್ರ. ಕೂಸಿನ ಮೈಯಲ್ಲಿ ಬಿಸಿಲು ಕಡಿಮೆ ಇದೆ ಎಂದೆ. ಅದು ಸುಳ್ಳಾಗಿರಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯ ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಡಿ ಎದುರಿಗೆ ಏಳು ಎಂದಿತ್ತು. ಇಪ್ಪತ್ತಾದರೂ ಇರಬೇಕಿತ್ತು. ಆದರೆ ಆ ಕಾಗದದ ಕೆಳಗೆ ಇನ್ನೊಂದು ಕಾಗದವಿತ್ತು, ಹೃದಯದ ಎಕೋ ಮಾಡಿದ್ದು. ಅದರ ಸುದ್ದಿ ನಾನು ಎತ್ತಲಿಲ್ಲ.

ಕೂಸು ಎಂದರೆ ವೃಷಾಲಿ, ನನ್ನ ಅಣ್ಣ ಸುಮಿತನ ಮಗಳು. ನಾಲ್ಕು ತುಂಬಿತ್ತು. ನಾವು ಕಾಗಲ ತಾಲೂಕಿನ ಸುಳಕೂಡದ ಕುರುಬರು. ಅಪ್ಪ ಕಾಡಸಿದ್ದ, ಅವ್ವ ಬಾಳಕ್ಕ ಈಗಲೂ ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ಅಣ್ಣ ಹದಿನೆಂಟಕ್ಕೇ ಕುರಿ ಬಿಟ್ಟು ಇಚಲಕರಂಜಿಗೆ ಮಗ್ಗ ನಡೆಸಲು ಹೋದ. ನಾನು ಗಡಹಿಂಗ್ಲಜದ ಹಾಸ್ಟೆಲಿನಲ್ಲಿದ್ದು ಡಿ.ಫಾರ್ಮಸಿ ಓದುತ್ತಿದ್ದೇನೆ. ಮನೆಯಲ್ಲಿ ಯಾರಿಗೆ ಏನಾದರೂ ಡಾಕ್ಟರ ಎದುರು ಹೋಗಿ ನಿಲ್ಲುವ ಕೆಲಸ ನನ್ನದು.

ಅಣ್ಣ ಇದ್ದದ್ದು ಮಗ್ಗದ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಕಿಟಕಿ ಒಂದೇ, ಅದೂ ಶೆಡ್ಡಿನೊಳಗೆ ತೆರೆಯುವಂಥದು. ಶೆಡ್ಡಿನ ಕಿಟಕಿಗಳನ್ನು ಯಾರೂ ತೆರೆಯುವುದಿಲ್ಲ, ಗಾಳಿ ಹೊಕ್ಕರೆ ನೂಲು ಹರಿಯುತ್ತದೆ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯ ವಾರದಲ್ಲಿ ಅಣ್ಣ ಹಗಲು ಮಲಗಬೇಕು, ಹಾಗಾಗಿ ಬಾಗಿಲಿನ ಸಂದಿಗೂ ಗೋಣಿಚೀಲ ತುರುಕಿ ಕೋಣೆ ಕತ್ತಲು ಮಾಡುತ್ತಿದ್ದರು. ಅಣ್ಣನ ಹೆಂಡತಿ ನೂತನ ವೈನಿಯದು ಅದೇ ಶೆಡ್ಡಿನಲ್ಲಿ ಕಾಂಡಿ ಸುತ್ತುವ ಕೆಲಸ, ಲಾಳಿಯೊಳಗಿನ ಕಡ್ಡಿಗೆ ನೂಲು ತುಂಬುವುದು. ವೃಷಾಲಿ ಬೆಳಗ್ಗೆಯಿಂದ ಸಂಜೆಯವರೆಗೆ ಆ ಮಶೀನಿನ ಪಕ್ಕ ಬುಟ್ಟಿಯಲ್ಲಿ ಕೂತು ಖಾಲಿ ಕಾಂಡಿಗಳನ್ನು ಜೋಡಿಸುತ್ತಿದ್ದಳು. ತಲೆಯ ಮೇಲೆ ಯಾವಾಗಲೂ ಹತ್ತಿಯ ಧೂಳು. ಕಿವಿ ಹರಿದುಹೋಗುವ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ಎಲ್ಲಿ ಹೋದರೂ ಕೂಗಿಯೇ ಮಾತಾಡುತ್ತಿದ್ದಳು.

ದೀಪಾವಳಿಯ ಮರುದಿನ ಜ್ವರ ಬಂತು. ಐದು ದಿನ ಇಳಿಯಲಿಲ್ಲ. ಇಬ್ಬರು ಡಾಕ್ಟರು ಎರಡು ಥರದ ಔಷಧ ಬರೆದರು. ಕಣ್ಣು ಕೆಂಪಾದವು. ತುಟಿ ಒಡೆದು ರಕ್ತ ಬಂತು. ನಾಲಗೆ ಕೆಂಪಗೆ ಗುಳ್ಳೆಗುಳ್ಳೆ. ಕೈ ಕಾಲು ಬಾತವು. ಹನ್ನೊಂದನೆಯ ದಿನ ಬೆರಳ ತುದಿಯ ಚರ್ಮ ಸುಲಿಯತೊಡಗಿದಾಗ ಮೂರನೆಯ ಡಾಕ್ಟರು ಕೊಲ್ಹಾಪುರಕ್ಕೆ ಒಯ್ಯಿರಿ ಎಂದರು. ನಾನು ಗಡಹಿಂಗ್ಲಜದಿಂದ ಅಲ್ಲಿಗೇ ಹೋದೆ.

ಮಕ್ಕಳ ಡಾಕ್ಟರು ಒಬ್ಬ ಹೆಂಗಸು. ಅವಸರ ಮಾಡದೆ ಮರಾಠಿಯಲ್ಲಿ ಹೇಳಿದರು. ಇದಕ್ಕೆ ಕಾವಾಸಾಕಿ ಎನ್ನುತ್ತಾರೆ.

"ಮೋಟರ್‌ಸೈಕಲ್ಲಿನ ಹೆಸರಲ್ಲೇನೋ ಅದು?" ಎಂದು ಅಣ್ಣ ನನ್ನ ಕಿವಿಯಲ್ಲಿ ಕೇಳಿದ.

ಜ್ವರದ ಜೊತೆ ರಕ್ತನಾಳಗಳು ಒಳಗೊಳಗೇ ಬಾತುಕೊಳ್ಳುತ್ತವೆ. ಹತ್ತು ದಿನದೊಳಗೆ ಇಂಜೆಕ್ಷನ್ ಬಿದ್ದರೆ ಹೃದಯ ಉಳಿಯುವ ಸಂಭವ ಹೆಚ್ಚು. ಇವರು ಬಂದದ್ದು ಹನ್ನೊಂದನೆಯ ದಿನ. ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು. ಆದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಒಂದು ಕಡೆ ಉಬ್ಬಿತ್ತು. "ನಳೀಲಾ ಫುಗಾ ಆಲಾಯ," ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ವೈನಿಗೆ ಅಷ್ಟು ತಿಳಿಯಿತು. ಪುಗ್ಗೆ, ಬಲೂನು. ಎರಡು ಮಿಲಿಮೀಟರ್ ಇರಬೇಕಾದದ್ದು ಆರೂವರೆ. ಆ ಉಬ್ಬಿನಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಕಟ್ಟದ ಹಾಗೆ ದಿನವೂ ಗುಳಿಗೆ ಕೊಡಬೇಕು, ನಿಲ್ಲಿಸಬಾರದು. ಎದೆ ಅಥವಾ ಹೊಟ್ಟೆ ನೋವು ಎಂದರೆ, ವಾಂತಿ ಮಾಡಿ ಬೆವರಿದರೆ, ಇದ್ದಲ್ಲಿಂದ ಹಾಗೇ ಎತ್ತಿಕೊಂಡು ಬರಬೇಕು.

ಬಿಸಿಲಿನ ಮಾತು ಬಂದದ್ದು ಕೊನೆಗೆ. ಹುಡುಗಿ ಹೊರಗೆ ಆಡುತ್ತಾಳೆಯೇ ಎಂದು ಕೇಳಿದರು. ವೈನಿ ತಲೆ ತಗ್ಗಿಸಿದರು. ಡಿ ತೀರಾ ಕಡಿಮೆ ಇದೆ, ಡಿ ಕಡಿಮೆ ಇದ್ದ ಮಕ್ಕಳಲ್ಲಿ ಹೃದಯಕ್ಕೆ ಹೆಚ್ಚು ಪೆಟ್ಟಾಗುತ್ತದೆ ಎಂದು ಕೆಲವರು ಬರೆದಿದ್ದಾರೆ, ಇವಳಿಗೆ ಅದರಿಂದಲೇ ಆಯಿತು ಎಂದು ಯಾರೂ ಹೇಳಲಾರರು, ಹನಿ ಬರೆದುಕೊಡುತ್ತೇನೆ, ಸ್ವಲ್ಪ ಬಿಸಿಲಿಗೂ ಬಿಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀನು ಫಾರ್ಮಸಿಯವನು, ಮುಖ್ಯ ಯಾವುದು ಅಂತ ಮನೆಯವರಿಗೆ ತಿಳಿಸಿ ಹೇಳು ಎಂದರು. ಹೇಳುತ್ತೇನೆ ಎಂದೆ.

ಆಸ್ಪತ್ರೆಯ ಹೊರಗೆ ಚಹದ ಗಾಡಿಯ ಹತ್ತಿರ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ದೀಪ್ಯಾ, ಹೃದಯದ್ದು ಅಂತ ಊರಾಗ ಬಾಯಿ ಬಿಡಬ್ಯಾಡ."

"ಯಾಕ?"

"ಹೆಣ್ಣ ಹುಡುಗಿ ಐತಿ. ನಾಳೆ ನೋಡಾಕ ಬಂದವರ ಮುಂದ ಯಾವನರೆ ಒಬ್ಬ ಹೇಳ್ತಾನ, ಇದಕ್ಕ ಸಣ್ಣಕಿದ್ದಾಗ ಹೃದಯದ ಬ್ಯಾನಿ ಇತ್ತು ಅಂತ. ಮುಗೀತು."

"ನಾಲ್ಕ ವರ್ಷದ ಕೂಸಿಗಿ ಈಗಿಂದನ ವರ ಹುಡುಕಾಕತ್ತಿಯೇನು?"

"ನಗಬ್ಯಾಡ ಮಗನ. ಸಪನಾಗ ಏನಾತು? ಎಂಟ ವರ್ಷದಾಕಿ ಇದ್ದಾಗ ಒಂದ ಸಲ ಫಿಟ್ಸ್ ಬಂದಿತ್ತು. ಮತ್ತ ಬಂದೂ ಇಲ್ಲ. ಇವತ್ತ ಮೂವತ್ತಾಗೇತಿ, ತವರಮನ್ಯಾಗ ಸಗಣಿ ಬಳಿಯಾಕತ್ತಾಳ."

ಸಪನಾ ನಮ್ಮ ಸೋದರತ್ತೆಯ ಮಗಳು. ಅವಳ ವಿಷಯದಲ್ಲಿ ಅಣ್ಣ ಹೇಳಿದ್ದು ಖರೆ.

"ಅಪ್ಪಗರೆ ಹೇಳಬೇಕಲ್ಲ," ಎಂದೆ.

"ಅಪ್ಪಗ ಮೊದಲ ಹೇಳಬ್ಯಾಡ. ಅವನ ಹೊಟ್ಟ್ಯಾಗ ನೀರ ನಿಂದರೂದಿಲ್ಲ. ಇವತ್ತ ಹೇಳಿದ್ರ ನಾಳೆ ನಿಪ್ಪಾಣಿ ತನಕ ಎಲ್ಲಾ ಹಟ್ಟಿಗೂ ಸುದ್ದಿ ಮುಟ್ಟತೈತಿ. ಬಿಸಲ ಕಡಿಮಿ ಆಗೇತಿ ಅಂತ ಹೇಳು. ಡಾಕ್ಟರೂ ಅಂದಾರಲ್ಲ."

ವೈನಿ ಆಗ ವಾರ್ಡಿನಲ್ಲಿದ್ದರು. ಈ ಮಾತು ಅವರಿಗೆ ಗೊತ್ತಾಗಲಿಲ್ಲ.

ನಾನು ಅಲ್ಲೇ ನಿಂತು ಅಪ್ಪನಿಗೆ ಫೋನು ಹಚ್ಚಿದೆ. ಅತ್ತ ಕುರಿಗಳ ಸದ್ದು, ಗಾಳಿ.

"ಏನಂತಪಾ ಡಾಕ್ಟರ?"

"ಜ್ವರ ಇಳದಾವು ಅಪ್ಪಾ. ಮೈಯಾಗ ಬಿಸಲಿನ ಅಂಶ ಕಡಿಮಿ ಐತಂತ. ಅದರದ ಗುಳಿಗಿ, ಹನಿ ಕೊಟ್ಟಾರ."

ಅಪ್ಪ ಅತ್ತ ಯಾವುದೋ ಕುರಿಯನ್ನು ಗದರಿದ. ಆಮೇಲೆ ನಕ್ಕ.

"ಕುರುಬರ ಕೂಸಿಗಿ ಬಿಸಲ ಕಡಿಮಿ ಬಿತ್ತ? ಮೀನಕ್ಕ ನೀರ ಕಡಿಮಿ ಬಿತ್ತು ಅಂದಂಗಾತಲ್ಲೋ."

"ಶೆಡ್ಡಿನಾಗ ಇರತೈತಲ್ಲಪಾ ಅದು."

"ಬಿಸಲನ್ನೂ ಬಾಟಲ್ಯಾಗ ತುಂಬಿ ಮಾರಾಕತ್ತಾರ ಅನ್ನು."

"ಹೌದು," ಎಂದು ನಾನೂ ನಕ್ಕೆ.

ಗುಳಿಗೆಯನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸಿದ್ದು ನಾನು. ಅಣ್ಣ ಅಷ್ಟು ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂತು, ಅಂದೆ. ಆಮೇಲೆ ಸರಿಪಡಿಸಲು ಎರಡೂವರೆ ತಿಂಗಳು ಸಮಯವಿತ್ತು.

ಡಿಸೆಂಬರಿನ ಮೊದಲ ರವಿವಾರ ಅಪ್ಪ ಇಚಲಕರಂಜಿಗೆ ಬಂದ. ಎರಡನೆಯ ಎಕೋ ಆಗಿತ್ತು. ಉಬ್ಬು ಇಳಿದಿರಲಿಲ್ಲ, ಹೆಚ್ಚಿರಲೂ ಇಲ್ಲ. ಇನ್ನೊಂದು ಜನವರಿ ಕೊನೆಗೆ ಎಂದಿದ್ದರು. ಕಾಗದ ನೋಡಲು ನಾನೂ ಬಂದಿದ್ದೆ.

ಅಪ್ಪ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಕೋಣೆಯ ನಡುವೆ ನಿಂತು ಸುತ್ತಲೂ ನೋಡಿದ. ಗೋಡೆಗೆ ಅಂಗೈ ಹಚ್ಚಿದ. ಗೋಡೆ ಮಗ್ಗದ ಹೊಡೆತಕ್ಕೆ ನಡುಗುತ್ತಿತ್ತು.

"ಹಗೇದಾಗ ಜ್ವಾಳ ತುಂಬಿ ಮುಚ್ಚಿದಂಗ ಮುಚ್ಚಿಟ್ಟೀರಲ್ಲೋ ಕೂಸಿನ್ನ," ಎಂದ. "ನಾ ಒಯ್ತೀನಿ. ಈಗ ಶಿರೋಳ ಕಡೆ ಕಬ್ಬ ಕಡದ ಹೊಲ ತುಂಬ ಅದಾವು. ಮುಂಜಾನಿಂದ ಸಂಜೀತನಕ ಬಿಸಲ. ಅಲ್ಲಿ ಯಾವ ಅಂಗಡೀನೂ ಬೇಕಾಗಿಲ್ಲ."

ವೃಷಾಲಿ ಆಗಲೇ ಅವನ ಕಂಬಳಿಯೊಳಗೆ ಹೊಕ್ಕು ಕೂತಿದ್ದಳು. "ಮುತ್ಯಾ, ಕುರಿಮರಿ ನನ್ನ ಮಾತ ಕೇಳತಾವೇನು?" ಎಂದು ಕಿರುಚಿ ಕೇಳಿದಳು.

"ನಮ್ಮ ಮಾತ ಯಾರೂ ಕೇಳೂದಿಲ್ಲವ್ವ. ಅವೊಂದ ಕೇಳತಾವು."

ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. ವೈನಿ ಒಲೆಯ ಕಡೆ ಸೀರೆಯ ಪರದೆಯ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದರು. ಹೇಳಬೇಕಾದ್ದನ್ನು ನನಗೆ ಹೇಳಬೇಕು, ನಾನು ಅಪ್ಪನಿಗೆ ಹೇಳಬೇಕು. ಮಗ್ಗದ ಸದ್ದಿನಲ್ಲಿ ಅವರು ಕೂಗಿ ಹೇಳುತ್ತಿದ್ದರು. ಮೂರು ಮೊಳ ದೂರದಲ್ಲಿದ್ದ ಅಪ್ಪನಿಗೆ ಎಲ್ಲಾ ಕೇಳುತ್ತಿತ್ತು. ಆದರೂ ಅಪ್ಪ ನನ್ನ ಮುಖವನ್ನೇ ನೋಡಿ ಉತ್ತರ ಕೊಡುತ್ತಿದ್ದ.

"ಭಾವೋಜಿ, ಮುಂಜಾನೆ ಊಟ ಆದ ಮ್ಯಾಲ ಅರ್ಧ ಗುಳಿಗಿ ಅಂತ ಹೇಳ್ರಿ. ಖಾಲಿ ಹೊಟ್ಟಿಲೆ ಬ್ಯಾಡ."

"ನಿಮ್ಮ ಅವ್ವ ರೊಟ್ಟಿ ತಿನಿಸೇ ಕೊಡ್ತಾಳ ಅಂತ ಹೇಳು."

"ಭಾಳ ಓಡಿಸಬ್ಯಾಡ್ರಿ ಅಂತ ಹೇಳ್ರಿ."

"ಕೂಸ ಓಡಲಾರದ ಕುಂದರತೈತೇನು ಅಂತ ಕೇಳು."

ವೈನಿ ಪರದೆ ಸರಿಸಿ ಸ್ವಲ್ಪ ಹೊರಗೆ ಬಂದರು. ಈ ಬಾರಿ ಕೂಗಲಿಲ್ಲ, ನನ್ನ ಹತ್ತಿರ ಬಂದು ಕೇಳಿದರು.

"ಗುಳಿಗಿ ಯಾತರದು ಅನ್ನೂದು ಮಾವಾರಿಗೆ ತಿಳಿಸಿ ಹೇಳೀರಿಲ್ಲ?"

ಅಣ್ಣ ಗೂಟದ ಮೇಲಿನ ಅಂಗಿಯ ಕಿಸೆಯಲ್ಲಿ ಏನೋ ಹುಡುಕುತ್ತಿದ್ದ. ಅವನ ಕೈ ನಿಂತದ್ದು ಕಂಡಿತು.

"ಹೇಳೇನಿ ವೈನಿ," ಎಂದೆ.

ಅವರು ನನ್ನನ್ನು ನಂಬಿದರು. ನಂಬದಿರಲು ಕಾರಣವೇ ಇರಲಿಲ್ಲ. ಫ್ರಾಕು, ಸ್ವೆಟರು, ಗುಳಿಗೆಯ ಹಾಳೆಗಳು, ಹನಿಯ ಬಾಟಲಿ, ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿಕೊಟ್ಟರು. ವೃಷಾಲಿ ಅಪ್ಪನ ಹೆಗಲ ಮೇಲೆ ಕೂತು ಹೋದಳು. ಹಿಂದೆ ತಿರುಗಿ ನೋಡಲೂ ಇಲ್ಲ.

ಜನವರಿಯ ಎರಡನೆಯ ರವಿವಾರ ನಾನು ಶಿರೋಳಕ್ಕೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಆ ವಾರ ಕಾಲೇಜಿನಲ್ಲಿ ರಕ್ತ ಹೆಪ್ಪುಗಟ್ಟುವುದರ ಪಾಠ ಆಗಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿಕೊಳ್ಳುವಾಗ ಪುಟದ ಅಂಚಿನಲ್ಲಿ ಆರೂವರೆ ಎಂದು ಬರೆದಿದ್ದೆ.

ಕಬ್ಬು ಕಡಿದ ಹೊಲದಲ್ಲಿ ಹಟ್ಟಿ ಹಾಕಿದ್ದರು. ಕುರಿಗಳನ್ನು ಹೊಲದಲ್ಲಿ ಕೂಡಿಹಾಕಿದರೆ ರೈತನಿಗೆ ಗೊಬ್ಬರ, ನಮಗೆ ಕಾಳು. ವೃಷಾಲಿಯ ಗುರುತು ಸಿಗಲಿಲ್ಲ. ಕಪ್ಪಗಾಗಿದ್ದಳು. ಗಲ್ಲ ತುಂಬಿತ್ತು. ಕೂದಲಲ್ಲಿ ಹತ್ತಿಯ ಬದಲು ಕಬ್ಬಿನ ಒಣಗರಿಯ ರವದಿ. ಕೈಯಲ್ಲಿ ತನಗಿಂತ ಉದ್ದದ ಕೋಲು ಹಿಡಿದು ಮೂರು ಮರಿಗಳನ್ನು ಬೈಯುತ್ತಿದ್ದಳು.

"ಕಾಕಾ, ಇದು ಭಾಳ ಉಡಾಳ ಐತಿ. ಇದಕ್ಕ ಸಾಲಿಗಿ ಹಾಕಬೇಕ."

"ಯಾವ ಸಾಲಿಗಿ?"

"ಇಂಗ್ಲೀಷ್ ಮೀಡಿಯಂ."

ಚಿಕ್ಕಪ್ಪನ ಮಗ ಮಲ್ಲಾರಿ ಅಪ್ಪನ ಜೊತೆಗೇ ಕುರಿ ಕಾಯುತ್ತಾನೆ. ಅವನು ಬಿದ್ದು ಬಿದ್ದು ನಕ್ಕ. ಅಪ್ಪ ಅವಳ ಎರಡೂ ತೋಳು ಹಿಡಿದು ನನಗೆ ತೋರಿಸಿದ, ಸಂತೆಯಲ್ಲಿ ಟಗರು ತೋರಿಸುವಂತೆ.

"ನೋಡು ಡಾಕ್ಟರಾ. ನಿಮ್ಮ ಬಾಟಲಿ ಇಷ್ಟ ಮಾಡತಿತ್ತೇನು?"

"ಗುಳಿಗಿ ಕೊಡಾಕತ್ತೀರಿಲ್ಲ?" ಎಂದು ಅವ್ವನನ್ನು ಕೇಳಿದೆ.

"ಕೊಡತೇವಪಾ. ದಿನಾ ಮುಂಜಾನೆ ಅದಕ್ಕೊಂದ ಜಗಳ."

ಅವಳ ಮೊಣಕಾಲ ಕೆಳಗೆ ನೀಲಿಗಟ್ಟಿದ ಕಲೆಗಳು ಎರಡು ಮೂರು ಇದ್ದವು. ಗುಳಿಗೆ ಹೊಟ್ಟೆಗೆ ಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ, ರಕ್ತ ತೆಳುವಾದರೆ ಹಾಗೆ ಆಗುತ್ತದೆ. ನನಗೆ ಸಮಾಧಾನವಾಯಿತು. ಜೋಳದ ರೊಟ್ಟಿ, ಪುಂಡಿಪಲ್ಲೆ ತಿಂದೆ. ಅಪ್ಪ ಬಸ್ಸಿನವರೆಗೆ ಕಳಿಸಲು ಬಂದ. ಎರಡು ಕಿಲೋಮೀಟರ್ ದಾರಿ, ನಾವಿಬ್ಬರೇ. ಅವನು ಉದ್ದಕ್ಕೂ ಅವಳ ಮಾತೇ ಆಡಿದ. ಈಗ ಹೇಳುವೆ, ಆ ಮರ ದಾಟಿದ ಮೇಲೆ ಹೇಳುವೆ ಅಂದುಕೊಳ್ಳುತ್ತ ನಡೆದೆ. ಕೂಸು ಅಷ್ಟು ಚೆನ್ನಾಗಿತ್ತು. ಹೇಗೂ ತಿಂಗಳ ಕೊನೆಗೆ ಎಕೋ ಇದೆ, ಉಬ್ಬು ಇಳಿದಿದ್ದರೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಬಸ್ಸು ಬಂತು, ಹತ್ತಿದೆ.

ಒಂದು ವಾರದ ಮೇಲೆ ಅಪ್ಪನ ಫೋನು. ನಾನು ಪ್ರಾಕ್ಟಿಕಲ್ ಪರೀಕ್ಷೆಗೆ ಬಿಳಿ ಕೋಟು ಹಾಕಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ.

"ಕೂಸಿನ ಮೂಗಿನಾಗ ರಕ್ತ ಬಂತಪಾ. ನಿಂತು ಮತ್ತ. ಗುಳಿಗಿ ಉಷ್ಣ ಆಗೇತಿ ಕಾಣತೈತಿ. ಈಗ ಬಿಸಲ ಬೇಕಾದಷ್ಟ ಬಿದ್ದೈತಿ. ಬಿಡಲೇನು?"

"ಬಿಡಬ್ಯಾಡ್ರಿ ಅಪ್ಪಾ. ಕೊಡ್ರಿ."

"ಯಾಕ? ಕುರಿಗಿ ಔಷಧ ಕುಡಿಸ್ತೇವಿ, ಅದು ಎದ್ದ ಮೇಯಾಕ ಹತ್ತಿದ ಮ್ಯಾಲ ಯಾರರೆ ಕುಡಿಸ್ತಾರೇನು?"

ಹಿಂದಿನಿಂದ ನನ್ನ ರೋಲ್ ನಂಬರು ಕೂಗಿದರು.

"ಕೊಡ್ರಿ ಅಂದ್ರ ಕೊಡ್ರಿ. ಡಾಕ್ಟರ್ ಹೇಳ್ಯಾರ. ಸಂಜೀಕ ಮಾತಾಡ್ತೀನಿ."

"ಹೂಂ," ಎಂದ ಅಪ್ಪ.

ಅಪ್ಪನ ಹೂಂ ಎಂದರೆ ಒಪ್ಪಿದ ಎಂದಲ್ಲ, ಮಾತು ಮುಗಿಯಿತು ಎಂದು. ಅದು ನನಗೆ ಹುಟ್ಟಿದಾಗಿನಿಂದ ಗೊತ್ತು. ಸಂಜೆ ನಾನು ಫೋನು ಮಾಡಲಿಲ್ಲ. ಪರೀಕ್ಷೆ ಚೆನ್ನಾಗಿ ಆಗಿತ್ತು, ಗೆಳೆಯರ ಜೊತೆ ಮಿಸಳ ತಿನ್ನಲು ಹೋದೆ.

ಅದಾಗಿ ಒಂಬತ್ತನೆಯ ದಿನ, ಬುಧವಾರ, ಮುಂಜಾನೆ ಎದ್ದ ವೃಷಾಲಿ ಹೊಟ್ಟೆ ನೋವು ಎಂದಳು. ಹಿಂದಿನ ದಿನ ಹಸಿ ಕಡಲೆ ತಿಂದಿದ್ದಳು. ಅದಕ್ಕೇ ಇರಬೇಕು ಎಂದು ಅವ್ವ ಓಂಕಾಳು ಅಗಿದು ಕೊಟ್ಟಳು. ವಾಂತಿಯಾಯಿತು. ಮೈ ಬೆವರಿತು, ಆದರೆ ಮುಟ್ಟಿದರೆ ತಣ್ಣಗಿತ್ತು. ತುಟಿ ಬೆಳ್ಳಗಾಗಿತ್ತು. ಅಪ್ಪ ಅವಳನ್ನು ಬಿಡಾರದ ನೆರಳಿನಿಂದ ಎತ್ತಿ ತಂದು ಬಿಸಿಲಿನಲ್ಲಿ ಕಂಬಳಿ ಹಾಸಿ ಮಲಗಿಸಿದ. ಎಳೆಬಿಸಿಲು, ಮೈಗೆ ಒಳ್ಳೆಯದು ಎಂದು. ಅಂಗಾಲು ತಿಕ್ಕಿದ. ಅರ್ಧ ಗಂಟೆ ಹಾಗೇ ಇಟ್ಟಿದ್ದ. ಆಮೇಲೆ ಅವಳು ಕರೆದರೆ ಓಗೊಡಲಿಲ್ಲ. ಮಲ್ಲಾರಿ ಬೈಕು ತೆಗೆದ. ಅಪ್ಪ ಹಿಂದೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಶಿರೋಳದ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಐದು ನಿಮಿಷ ಎದೆ ಒತ್ತಿ ನೋಡಿದರು, ಬಿಟ್ಟರು.

ನಾನು ಹೋಗಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಣ್ಣ, ವೈನಿ ಬಂದು ಒಳಗೆ ಕೂಸಿನ ಹತ್ತಿರ ಇದ್ದರು. ಅಪ್ಪ ಹೊರಗೆ ಬೇವಿನ ಕಟ್ಟೆಯ ಮೇಲೆ ಒಬ್ಬನೇ. ಅವನ ಧೋತರದ ಮೇಲೆ ವಾಂತಿ ಒಣಗಿತ್ತು.

ನಾನು ಪಕ್ಕದಲ್ಲಿ ಕೂತೆ. ಅವನು ಸರಿದು ಜಾಗ ಮಾಡಿಕೊಟ್ಟ. ಆಮೇಲೆ ಕೇಳಿದ.

"ಬಿಸಲ ಹೆಚ್ಚಾತೇನೋ ದೀಪಕ? ಒಮ್ಮೆಲೇ ಅಷ್ಟ ಕೊಡಬಾರದಿತ್ತೇನು?"

ಇಲ್ಲ ಎಂದೆ. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಗುಳಿಗೆ ಕೊಟ್ಟಿದ್ದಿರೇನು ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಮೂಗಿನಲ್ಲಿ ರಕ್ತ ಬಂದ ದಿನದಿಂದ ಕೊಟ್ಟಿರಲಿಲ್ಲ.

ಆಗ ಹೇಳಿದೆ. ಡಾಕ್ಟರು ಬರೆದ ಚಿತ್ರವನ್ನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆ. ನಾಳ, ಉಬ್ಬು, ಅಲ್ಲಿ ನಿಲ್ಲುವ ರಕ್ತ, ಗುಳಿಗೆ ಮಾಡುವ ಕೆಲಸ. ಹೊಟ್ಟೆ ನೋವು ಎಂದರೆ ಏನು, ತಣ್ಣನೆಯ ಬೆವರು ಎಂದರೆ ಏನು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಪ್ಪ ಮಣ್ಣಿನ ಮೇಲಿನ ಗೆರೆಯನ್ನೇ ನೋಡುತ್ತ ಕೇಳಿದ.

"ದಿನಾ ಕೊಟ್ಟಿದ್ರ ಉಳೀತಿದ್ಲೇನು?"

"ಉಳೀಬಹುದಿತ್ತು. ಖಾತ್ರಿ ಹೇಳಾಕ ಬರೂದಿಲ್ಲ."

"ಇದೆಲ್ಲಾ ನಿನಗ ಮೊದಲ ಗೊತ್ತಿತ್ತು?"

"ಗೊತ್ತಿತ್ತು."

"ನನಗ ಯಾಕ ಹೇಳಲಿಲ್ಲ?"

ಅಣ್ಣ ಬೇಡ ಅಂದಿದ್ದ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಸಪನಾಳ ಹೆಸರು ಬಂದಾಗ ಅಪ್ಪ ಕಣ್ಣು ಮುಚ್ಚಿದ. ಅವನು ನನ್ನನ್ನು ಹೊಡೆಯಬಹುದು ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಧೋತರದ ಮೇಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತ.

ಹಳೆಯ ಕಾಗದಗಳನ್ನು ನನ್ನ ಮೊಬೈಲಿನಲ್ಲಿ ನೋಡಿ ಡಾಕ್ಟರು ಹೆಣ ಬಿಟ್ಟುಕೊಟ್ಟರು. ಸಂಜೆಯ ಹೊತ್ತಿಗೆ ಸುಳಕೂಡಕ್ಕೆ ಬಂದೆವು. ನಮ್ಮ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಸಣ್ಣ ಕುಣಿ, ಬೇಗ ಆಗಿತ್ತು. ಅಪ್ಪ ಅರಿಶಿನದ ಭಂಡಾರ ಚೆಲ್ಲಿದ. ಮಣ್ಣು ಎಳೆದರು. ಜನ ಕೈಕಾಲು ತೊಳೆದು ತಂತಮ್ಮ ಮನೆಗೆ ಹೋದರು. ಅಂಗಳದಲ್ಲಿ ನಾವಷ್ಟೇ ಉಳಿದೆವು.

ವೈನಿ ಒಳಗಿನಿಂದ ಬಂದರು. ಕೈಯಲ್ಲಿ ಆ ಪ್ಲಾಸ್ಟಿಕ್ ಡಬ್ಬಿ. ಅವ್ವ ಬಿಡಾರದಿಂದ ಗಂಟಿನ ಜೊತೆ ತಂದಿದ್ದಳು. ವೈನಿಯ ತಲೆಯ ಮೇಲೆ ಸೆರಗಿರಲಿಲ್ಲ. ನೆಟ್ಟಗೆ ಅಪ್ಪನ ಎದುರು ಬಂದು ನಿಂತರು. ಮದುವೆಯಾಗಿ ಆರು ವರ್ಷದಲ್ಲಿ ಅವರು ಅಪ್ಪನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ಇದರಾಗ ಎಷ್ಟ ಗುಳಿಗಿ ಇರಬೇಕು ಅಂತ ನನಗ ಗೊತ್ತೈತಿ ಮಾವಾರ. ಇರಬೇಕಾದಕ್ಕಿಂತ ಹೆಚ್ಚ ಅದಾವು. ಯಾಕ ಅದಾವ್ರಿ?"

ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವನ ಮುಖ ನೆಲ ನೋಡುತ್ತಿತ್ತು. ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದೆ.

"ನಾನ ನಿಲ್ಲಿಸಿದೆ," ಎಂದ ಅಪ್ಪ.

"ಭಾವೋಜಿ ನಿಮಗ ಹೇಳಿದ್ರು. ಹೃದಯದ್ದು ಐತಿ ಅಂತ ಹೇಳಿದ್ರು. ಹೇಳಿದ್ರೋ ಇಲ್ಲೋ?"

ಅಪ್ಪ ನನ್ನ ಕಡೆ ನೋಡಲಿಲ್ಲ. ಅಣ್ಣನ ಕಡೆಯೂ ನೋಡಲಿಲ್ಲ.

"ಹೇಳಿದ್ದ," ಎಂದ. "ಎಲ್ಲಾ ಬಿಡಿಸಿ ಹೇಳಿದ್ದ. ನನ್ನ ತಲಿಯಾಗ ಉಳೀಲಿಲ್ಲವ್ವ. ಕುರಿಗಿ ಮಾಡಿದಂಗ ಮಾಡಿಬಿಟ್ಟೆ."

ವೈನಿ ಅವನನ್ನು ನೋಡುತ್ತ ನಿಂತರು. ಅಳಲಿಲ್ಲ. ಡಬ್ಬಿಯನ್ನು ಅವನ ಕಾಲ ಹತ್ತಿರ ಇಟ್ಟರು.

"ಮುತ್ಯಾ ಮುತ್ಯಾ ಅಂತ ಸಾಯ್ತಿತ್ರೀ ಅದು ನಿಮಗ," ಎಂದರು. ಒಳಗೆ ಹೋದರು.

ಅಣ್ಣ ಏಳಲಿಲ್ಲ. ಅವ್ವ ಗೋಡೆಗೆ ತಲೆ ಆನಿಸಿಕೊಂಡು ಸಣ್ಣಗೆ ಅಳುತ್ತಿದ್ದಳು. ಮೂರು ಹೆಜ್ಜೆ ಇಟ್ಟರೆ ಒಳಗಿನ ಕೋಣೆ. ವೈನಿ, ಅಪ್ಪಗ ನಾನು ಏನೂ ಹೇಳಿರಲಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಚೌಕಟ್ಟು ಹಿಡಿದುಕೊಂಡೇ ಇದ್ದೆ.

ಮರುದಿನ ಮುಂಜಾನೆ ಅಪ್ಪ ಶಿರೋಳಕ್ಕೆ ಹೊರಟ. ಮಲ್ಲಾರಿಯೊಬ್ಬನೇ ಕುರಿಗಳ ಹತ್ತಿರ ಇದ್ದ. ನಾನು ಬಸ್ಸಿನವರೆಗೆ ಅವನ ಹಿಂದೆ ಹೋದೆ. ಊರಿನ ಹೊರಗೆ ಬಂದ ಮೇಲೆ, ನಾನು ವೈನಿಗೆ ನಿಜ ಹೇಳುತ್ತೇನೆ ಎಂದೆ.

"ಏನಂತ ಹೇಳ್ತಿ?"

"ನಿಮಗ ಗೊತ್ತಿರಲಿಲ್ಲ ಅಂತ. ಅಣ್ಣಾ ನಾನೂ ಕೂಡಿ ಮುಚ್ಚಿಟ್ವಿ ಅಂತ."

ಅಪ್ಪ ನಿಂತ. ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಬ್ಯಾಡ. ಆಕಿ ಅವನ ಜೋಡಿ ಬಾಳೇ ಮಾಡಬೇಕು. ನನ್ನ ಜೋಡಿ ಅಲ್ಲ."

ಬಸ್ಸು ಬರಲು ಇನ್ನೂ ಹೊತ್ತಿತ್ತು. ನೀ ಹೋಗು, ಓದೋದು ಇರಬೇಕು ಎಂದ. ನಾನು ಹೋಗಲಿಲ್ಲ. ಇಬ್ಬರೂ ರಸ್ತೆಯ ಆಚೆ ಈಚೆ ನೋಡುತ್ತ ನಿಂತೆವು.

ಇದಾಗಿ ನಾಲ್ಕು ತಿಂಗಳು. ಅಣ್ಣ, ವೈನಿ ಅದೇ ಕೋಣೆಯಲ್ಲಿದ್ದಾರೆ. ವೈನಿ ಕಾಂಡಿ ಸುತ್ತುತ್ತಾರೆ. ಅಪ್ಪನ ಹೆಸರು ಬಂದರೆ ಎದ್ದು ಹೋಗುತ್ತಾರೆ. ನನ್ನ ಮೇಲೆ ಅವರಿಗೆ ಮೊದಲಿನಷ್ಟೇ ನಂಬಿಕೆ. ಹೋದ ವಾರ ಫೋನು ಮಾಡಿ, ಮತ್ತೆ ದಿನ ನಿಂತು ಬಸಿರಾಗಿದೆ, ಈ ಸಲ ಯಾವ ಡಾಕ್ಟರಿಗೆ ತೋರಿಸಲಿ, ಬಂದು ಜೊತೆಗೆ ನಿಲ್ಲುತ್ತೀರೇನು ಭಾವೋಜಿ ಎಂದು ಕೇಳಿದರು. ಬರುತ್ತೇನೆ ಎಂದಿದ್ದೇನೆ.